ಮೆರಿಕಾನೆಲ್ ಕಾವಿಗೆ ಕೂತಿದ್ದಾಗ

ಇಟಲಿಯ ಲೆಕ್ಕೋ ಊರಲ್ಲಿ ಕೆಲಸಕ್ಕೆ ಸೇರಿದ ಎರಡನೇ ವರ್ಷ, ಏಪ್ರಿಲ್ ಕೊನೆ ಇರ್ಬೇಕು, ನಮ್ಮ ಮನೆ ಓನರ್ ತಾಯಿಗೆ ಕಣ್ಣಿನ ಪೊರೆ ಆಪರೇಷನ್ ಇತ್ತು. ಅಜ್ಜಿ ಇರೋದು ಮೆರಾತೆ ಹತ್ರದ ಒಂದು ಹಳ್ಳೀಲಿ, ಚೆರ್ನುಸ್ಕೊ ಮೆರಾತೆ ಸ್ಟೇಷನ್‌ನಲ್ಲಿ ಇಳಿದು ನಡ್ಕೊಂಡು ಹೋಗ್ಬೇಕು. ಆ ಒಂದಿನ ಕೋಳಿ ನೋಡ್ಕೊಳೋಕೆ ಯಾರೂ ಇಲ್ಲ ಅಂತ ಓನರ್ ಪೇಚಾಡ್ತಿದ್ರು, ನಾನು ರಾಮನಗರದ ಕಡೆಯೋನು, ಕೋಳಿ ಮಧ್ಯೆನೇ ಬೆಳೆದೋನು, ನಾನ್ ಹೋಗ್ತೀನಿ ಬಿಡಿ ಅಂದೆ.

ಮಿಲಾನ್‌ನಿಂದ ಉತ್ತರಕ್ಕೆ ಬಂದ್ರೆ ಸಿಗೋ ಈ ಗುಡ್ಡದ ಸೀಮೆಗೆ ಬ್ರಿಯಾಂಜಾ ಅಂತಾರೆ. ಹಿಂದೆ ಇಲ್ಲಿ ಮನೆಮನೇಲೂ ರೇಷ್ಮೆ ಹುಳ ಸಾಕ್ತಿದ್ರಂತೆ, ಅಜ್ಜಿ ಅಂಗಳದಲ್ಲಿ ಈಗ್ಲೂ ಒಂದು ಮುದಿ ಹಿಪ್ಪುನೇರಳೆ ಮರ ಇದೆ, ಅದನ್ನ ನೋಡ್ತಿದ್ದಂಗೆ ನನಗೆ ಊರಿಗೆ ಬಂದಂಗಾಯ್ತು. ಆ ಮರದ ಕೊಂಬೆ ಮೇಲೆ ಪುಟ್ಟದೊಂದು ಹುಂಜ ಕೂತಿತ್ತು. ಪುಟ್ಟದು ಅಂದ್ರೆ ನಿಜವಾಗ್ಲೂ ಪುಟ್ಟದು, ಈ ಜಾತಿ ಹುಂಜ 700-800 ಗ್ರಾಂ ತೂಗಿದ್ರೆ ಹೆಚ್ಚು, ಹೇಂಟೆ ಇನ್ನೂ ಕಮ್ಮಿ. ಜಾತಿ ಹೆಸರು ಮೆರಿಕಾನೆಲ್ ದೆಲ್ಲಾ ಬ್ರಿಯಾಂಜಾ. ಹೆಸರಲ್ಲಿ ಅಮೆರಿಕ ಇದೆ, ಆದ್ರೆ ಕೋಳಿ ಈ ಗುಡ್ಡದ್ದೇ.

ಅಜ್ಜಿ ದಪ್ಪ ಅಕ್ಷರದಲ್ಲಿ ಚೀಟಿ ಬರೆದಿಟ್ಟಿದ್ರು. ಶೆಡ್ಡಲ್ಲಿ ಒಂದು ಹೇಂಟೆ ಕಾವಿಗೆ ಕೂತಿದೆ, ಹದಿನಾರನೇ ದಿನ, ಕೆಳಗಿರೋದು ಒಂಬತ್ತು ಫೆಸೆಂಟ್ (ಕೋಳಿ ಥರದ್ದೇ ಒಂದು ಕಾಡುಹಕ್ಕಿ) ಮೊಟ್ಟೆ, ಹನ್ನೊಂದು ಗಂಟೆಗೆ ಎಬ್ಬಿಸಿ ಮೇವು ನೀರು ಕೊಡು, ಇಪ್ಪತ್ತು ನಿಮಿಷ, ಅಷ್ಟೇ.

ಈ ಕೋಳಿ ಬದುಕಿದ್ದೇ ಈ ಕೆಲಸದಿಂದ. ಮೈಯಲ್ಲಿ ಮಾಂಸ ಎಷ್ಟಿರುತ್ತೆ ಹೇಳಿ, ಮೊಟ್ಟೆನೂ ಚಿಕ್ಕದು, ಆದ್ರೆ ಕಾವಿಗೆ ಕೂತ್ರೆ ಏಳೋ ಮಾತೇ ಇಲ್ಲ. ಮೈ ಹಗುರ ಇರೋದ್ರಿಂದ ತೆಳು ಚಿಪ್ಪಿನ ಮೊಟ್ಟೆನೂ ಒಡೆಯಲ್ಲ, ಹಂಗಾಗಿ ಕೌಜುಗ, ಲಾವಕ್ಕಿ, ಫೆಸೆಂಟ್ ಮೊಟ್ಟೆ ಎಲ್ಲ ಇದರ ಕೆಳಗೇ ಇಡ್ತಿದ್ರು. ಇನ್‌ಕ್ಯುಬೇಟರ್ ಬಂತು, ಇದರ ಕೆಲಸ ಹೋಯ್ತು, ಕೆಲಸ ಹೋದ್ಮೇಲೆ ಸಾಕೋರೂ ಕಮ್ಮಿಯಾದ್ರು. ಕಾವಿಗೆ ಕೂತ ಕೋಳಿ ಅಷ್ಟು ದಿನ ಮೊಟ್ಟೆ ಇಡಲ್ಲ ನೋಡಿ, ಅದಕ್ಕೇ ಫಾರಂ ಕೋಳೀಲಿ ಆ ಗುಣನೇ ಇಲ್ಲದಂಗೆ ಮಾಡಿದಾರೆ, ನನಗಂತೂ ಇದು ತುಂಬಾ ಬೇಜಾರಿನ ವಿಷಯ. ಮಿಲಾನ್ ಯೂನಿವರ್ಸಿಟಿಯೋರು ಮೆರಿಕಾನೆಲ್ ಹುಂಜದ ವೀರ್ಯನ ಫ್ರೀಜ್ ಮಾಡಿಡೋ ವಿಧಾನದ ಮೇಲೆ ಕೆಲಸ ಮಾಡಿದಾರೆ, ಒಳ್ಳೇದೇ ಆಯ್ತು, ಆದ್ರೂ ಹುಲ್ಲಿನ ಮೇಲೆ ಕಣ್ಣು ಅರ್ಧ ಮುಚ್ಕೊಂಡು ಕೂತಿರೋ ಹೇಂಟೆನ ನೋಡೋದೇ ಬೇರೆ.

ಹನ್ನೊಂದಕ್ಕೆ ಎಬ್ಬಿಸೋಕೆ ಕೈ ಹಾಕಿದ ತಕ್ಷಣ ಹೇಂಟೆ ಪುಕ್ಕ ಎಲ್ಲ ಕೆದರಿಕೊಂಡು ಎರಡರಷ್ಟಾಯ್ತು, ಕೊರ್ರ್ ಅಂತು, ಮಣಿಕಟ್ಟಿಗೆ ಕುಕ್ಕಿತು. ಎತ್ತಿ ಹೊರಗೆ ಬಿಟ್ಟೆ, ಗಬಗಬ ಜೋಳ ತಿಂತು, ನೀರು ಕುಡೀತು, ಮರದ ಬುಡದಲ್ಲಿ ಮಣ್ಣಿಗೆ ಬಿದ್ದು ಹೊರಳಾಡ್ತು. ಅಷ್ಟರಲ್ಲಿ ಆಫೀಸಿಂದ ಫೋನ್ ಬಂತು, ಮಾತಾಡ್ತಾ ಮಾತಾಡ್ತಾ ಮನೆ ಮುಂದುಗಡೆಗೆ ಹೋದೆ, ಗಾಳಿಗೆ ಶೆಡ್ ಬಾಗಿಲು ಹಾಕ್ಕೊಂಡಿದ್ದು ನನಗೆ ಗೊತ್ತೇ ಆಗ್ಲಿಲ್ಲ. ವಾಪಸ್ ಬಂದಾಗ ಹನ್ನೆರಡೂಕಾಲು. ಆ ಜೀವ ಬಾಗಿಲ ಮುಂದೆ ಆ ಕಡೆಯಿಂದ ಈ ಕಡೆಗೆ ಓಡಾಡ್ತಿದೆ, ಕೊಕ್ ಕೊಕ್ ಅಂತಿದೆ, ಸಂದೀಲಿ ಕೊಕ್ಕು ತೂರಿಸ್ತಿದೆ. ನನ್ನೆದೆ ಧಸಕ್ ಅಂತು.

ಬಾಗಿಲು ತೆಗೆದಿದ್ದೇ ತಡ ನನ್ನ ಕಾಲ್ಸಂದೀಲಿ ನುಗ್ಗಿ ಗೂಡಿಗೆ ಹಾರ್ತು. ಅದಕ್ಕೂ ಮುಂಚೆ ಒಂದು ಮೊಟ್ಟೆ ಮುಟ್ಟಿ ನೋಡ್ಬೇಕು ಅಂದ್ಕೊಂಡಿದ್ದೆ, ಬಿಡಲೇ ಇಲ್ಲ, ಪಕ್ಕದಿಂದ ಬೆರಳು ತೂರಿಸಿ ನೋಡಿದ್ರೆ ತಣ್ಣಗಿದೆ. ಅದು ಮಾತ್ರ ಒಂದೊಂದೇ ಮೊಟ್ಟೆನ ಕೊಕ್ಕಲ್ಲಿ ಎಳ್ಕೊಂಡು, ಹೊಟ್ಟೆ ಕೆಳಗೆ ಸೇರಿಸ್ಕೊಂಡು, ರೆಕ್ಕೆ ಹರಡಿ ಕೂತ್ಬಿಡ್ತು.

ಅಮ್ಮನಿಗೆ ಫೋನ್ ಮಾಡ್ದೆ. ನಮ್ಮನೇಲೂ ಗಿರಿರಾಜ ಕೋಳಿ ಮೊಟ್ಟೆನ ನಾಟಿ ಹೇಂಟೆ ಕೆಳಗಿಟ್ಟೇ ಮರಿ ಮಾಡಿಸ್ತಿದ್ದಿದ್ದು. "ಗಾಬ್ರಿ ಬೀಳ್ಬೇಡ ಕಣಪ್ಪ, ಮೊಟ್ಟೆ ಅಲ್ಲಾಡಿಸ್ಬೇಡ, ಅದು ವಾಪಸ್ ಕೂತೈತೆ ಅಂದ್ರೆ ಅದೇ ನೋಡ್ಕೊಳುತ್ತೆ" ಅಂದ್ಳು.

ಸಂಜೆ ಅಜ್ಜಿ ಒಂದು ಕಣ್ಣಿಗೆ ಪಟ್ಟಿ ಕಟ್ಕೊಂಡು ಬಂದ್ರು. ನಡೆದಿದ್ದೆಲ್ಲ ಇದ್ದಂಗೇ ಹೇಳ್ದೆ. ಅವರು ಕೇಳಿದ್ದು ಒಂದೇ, ವಾಪಸ್ ಕೂತ್ಲಾ ಅಂತ. ಕತ್ತಲಾದ್ಮೇಲೆ ನನ್ನ ಫೋನ್ ಟಾರ್ಚಲ್ಲಿ ಒಂದು ಮೊಟ್ಟೆ ಹಿಡಿದು ತೋರಿಸಿದ್ರು, ಒಳಗೆಲ್ಲ ಕಪ್ಪು, ಗಾಳಿ ಗುಳ್ಳೆ ಅಂಚಲ್ಲಿ ಕೆಂಪು ನರ, ಆ ಕಪ್ಪು ಒಂದ್ಸಲ ಮೆಲ್ಲಗೆ ಅಲುಗಾಡ್ತು. ಅಜ್ಜಿಗೆ ಆ ಕಣ್ಣಲ್ಲಿ ಕಾಣಿಸ್ತೋ ಇಲ್ವೋ, ನಾನೇ ಕೂಗಿ ಹೇಳ್ದೆ.

ಇಪ್ಪತ್ನಾಲ್ಕನೇ ದಿನ ಏಳು ಮರಿ ಆದ್ವು. ಅದರ ಮಾರನೇ ಭಾನುವಾರ ನಾನು ಹೋಗಿ ನೋಡೋ ಹೊತ್ತಿಗೆ ಗೆರೆಗೆರೆ ಮೈಯ ಫೆಸೆಂಟ್ ಮರಿಗಳು ಅಂಗಳದ ತುಂಬಾ ಚೆಲ್ಲಾಪಿಲ್ಲಿ ಓಡ್ತಿದ್ವು, ಹೇಂಟೆ ಕರೀತಿತ್ತು, ಒಂದು ಮರಿ ಬಿಟ್ಟು ಉಳಿದವೆಲ್ಲ ಬಂದು ರೆಕ್ಕೆ ಕೆಳಗೆ ಸೇರ್ಕೊಂಡ್ವು. ಆ ಒಂದು ಬರೋವರೆಗೂ ಕರೀತಾನೇ ಇತ್ತು.