10 ನಿಮಿಷ, ಕೆಳಗಿಡುವಂತಿಲ್ಲ

ಕೆಟಲ್‌ಬೆಲ್ ಸ್ನ್ಯಾಚ್ ಸ್ಪರ್ಧೆಯ ನಿಯಮ ಕೇಳಿದರೆ ಇದೇನು ಮಹಾ ಅನ್ನಿಸುತ್ತದೆ. 10 ನಿಮಿಷ ಟೈಮ್. ಬೆಲ್ ಅನ್ನು, ಅಂದರೆ ಹಿಡಿಕೆಯಿರುವ ಭಾರದ ಲೋಹದ ಗುಂಡನ್ನು, ಕಾಲುಗಳ ಮಧ್ಯದಿಂದ ಬೀಸಿ ಒಂದೇ ಏಟಿಗೆ ತಲೆಯ ಮೇಲಕ್ಕೆ ಒಯ್ಯಬೇಕು, ಕೈ ನೆಟ್ಟಗೆ ಮಾಡಿ ಒಂದು ಕ್ಷಣ ಅಲುಗಾಡದೆ ನಿಲ್ಲಬೇಕು, ಇಳಿಸಬೇಕು, ಮತ್ತೆ ಎತ್ತಬೇಕು. ಕೈ ಬದಲಿಸಲು ಒಂದೇ ಒಂದು ಅವಕಾಶ. ನಡುವೆ ನೆಲಕ್ಕಿಟ್ಟರೆ ಅಲ್ಲಿಗೆ ಮುಗಿಯಿತು. ಒಂದು ಭಾನುವಾರ ನಾವು ಜಿಮ್‌ನ ಕೆಲವರು ಸೇರಿ, ಸ್ಪರ್ಧೆಯ ಲೆಕ್ಕದಲ್ಲೇ ಇದನ್ನು ಮಾಡಿ ನೋಡೇಬಿಡೋಣ ಅಂತ ನಿಂತೆವು. ಪದಕ ಇಲ್ಲ, ನೋಡೋಕೆ ಜನ ಇಲ್ಲ. ಗೋಡೆ ಮೇಲೆ ಗಡಿಯಾರ, ಎಣಿಸೋಕೆ ಕೋಚ್. ಅಷ್ಟೇ.

ನನ್ನದು 16 ಕೆ.ಜಿ. ಬೆಲ್. ಈ 16ರ ಲೆಕ್ಕ ರಷ್ಯಾದ್ದು. ಅಲ್ಲಿ ಹಿಂದೆ 'ಪೂಡ್' ಅಂತ ಒಂದು ತೂಕ ಇತ್ತು, ಹೆಚ್ಚುಕಮ್ಮಿ 16.4 ಕೆ.ಜಿ. ಧಾನ್ಯ ತೂಗಲು ಇಟ್ಟುಕೊಂಡಿದ್ದ ಹಿಡಿಕೆಯಿರುವ ಕಬ್ಬಿಣದ ಗುಂಡನ್ನೇ ಜನ ಎತ್ತಿ ಆಡಲು ಶುರು ಮಾಡಿದರು. ಇವತ್ತಿಗೂ ಮುಖ್ಯ ತೂಕಗಳು 16, 24, 32, ಅಂದರೆ ಒಂದು, ಒಂದೂವರೆ, ಎರಡು ಪೂಡ್. ಸ್ಪರ್ಧೆಯ ಸ್ಟೀಲ್ ಬೆಲ್‌ಗಳಲ್ಲಿ ಇನ್ನೊಂದು ಚಂದ ಇದೆ: ತೂಕ ಎಷ್ಟೇ ಇರಲಿ, ಗಾತ್ರ ಒಂದೇ. ಬಣ್ಣ ನೋಡಿ ಗುರುತು ಹಿಡಿಯಬೇಕು. 16 ಹಳದಿ, 24 ಹಸಿರು, 32 ಕೆಂಪು. ಸಾಮಾನ್ಯ ಎರಕದ ಬೆಲ್ ಆದರೆ ತೂಕ ಜಾಸ್ತಿಯಾದ ಹಾಗೆ ಗುಂಡೂ ದೊಡ್ಡದಾಗುತ್ತದೆ, ಮುಂಗೈ ಮೇಲೆ ಪ್ರತಿ ಸಲ ಹೊಸ ಜಾಗದಲ್ಲಿ ಕೂರುತ್ತದೆ. ಕಲಿತದ್ದನ್ನೆಲ್ಲ ಮತ್ತೆ ಸ್ವಲ್ಪ ತಿದ್ದಿಕೊಳ್ಳಬೇಕಾಗುತ್ತದೆ.

ಡಂಬೆಲ್‌ನಲ್ಲಿ ಭಾರ ನಮ್ಮ ಮುಷ್ಟಿಯ ಎರಡೂ ಕಡೆ ಸಮನಾಗಿ ಇರುತ್ತದೆ. ಕೆಟಲ್‌ಬೆಲ್‌ನಲ್ಲಿ ಭಾರ ಇರುವುದು ಹಿಡಿಕೆಯಿಂದ ಒಂದು ಗೇಣು ಆಚೆ. ಹಾಗಾಗಿ ಅದು ಬೀಸಿದಾಗ ನಮ್ಮನ್ನೂ ಎಳೆದುಕೊಂಡು ಹೋಗಲು ನೋಡುತ್ತದೆ. ತೋಳಿನ ಬಲದಿಂದ ಎತ್ತಲು ಹೋದರೆ ಎರಡು ನಿಮಿಷಕ್ಕೆ ಕಥೆ ಮುಗಿಯುತ್ತದೆ. ಬಲ ಬರಬೇಕಾದದ್ದು ಸೊಂಟದಿಂದ: ಪೃಷ್ಠ ಹಿಂದಕ್ಕೆ ತಳ್ಳಿ, ಬೆನ್ನು ನೇರ ಇಟ್ಟು, ಬೆಲ್ ಹಿಂದೆ ಹೋಗಲು ಬಿಟ್ಟು, ಆಮೇಲೆ ಸೊಂಟವನ್ನು ಫಟ್ಟಂತ ಮುಂದಕ್ಕೆ ತರಬೇಕು. ಕೈ ಬರೀ ಹಗ್ಗ. ಹೀಗೆ ಬೀಸೋದಕ್ಕೆ ಸ್ವಿಂಗ್ ಅನ್ನುತ್ತಾರೆ. ಸ್ವಿಂಗ್ ಅಂದರೆ ಕುಕ್ಕರುಗಾಲಲ್ಲಿ ಕೂತು ಏಳೋದು ಅಂದುಕೊಂಡು, ಭುಜದಿಂದ ಬೆಲ್ ಎತ್ತುವವರನ್ನು ಎಲ್ಲಾ ಜಿಮ್‌ನಲ್ಲೂ ನೋಡಬಹುದು. ಅವರಿಗೆ ಬೆನ್ನು ನೋವು ಬಂದರೆ ಬೈಸಿಕೊಳ್ಳೋದು ಮಾತ್ರ ಬೆಲ್!

ಶುರುವಾಯಿತು. ಬಲಗೈ. ಮೊದಲ ಎರಡು ನಿಮಿಷದ ಬಗ್ಗೆ ಹೇಳೋಕೆ ಏನೂ ಇಲ್ಲ, ಹುಮ್ಮಸ್ಸಿನಲ್ಲಿ ಯಾರು ಬೇಕಾದರೂ ಮಾಡುತ್ತಾರೆ. ನಿಮಿಷಕ್ಕೆ 14ರ ಲೆಕ್ಕದಲ್ಲಿ ಹೋಗೋಣ ಅಂತ ಕೋಚ್ ಮೊದಲೇ ಹೇಳಿದ್ದರು. ನನ್ನ ಮೈ 20ರ ವೇಗ ಕೇಳುತ್ತಿತ್ತು. "ಸರ್, ಅವಸರ ಬೇಡ. ಮೇಲೆ ನಿಲ್ಲಿಸಿ. ಉಸಿರು ಬಿಡಿ, ತಗೊಳ್ಳಿ, ಇನ್ನೊಂದ್ಸಲ ಬಿಡಿ, ಆಮೇಲೆ ಇಳಿಸಿ" ಅಂದರು. ಭಾರವನ್ನು ತಲೆ ಮೇಲೆ ಹೊತ್ತುಕೊಂಡು ನಿಧಾನ ಮಾಡಿ ಅಂದರೆ ಯಾರಿಗೆ ಹಿಡಿಸುತ್ತದೆ ಹೇಳಿ. ಬೇಗ ಇಳಿಸಿ ಮುಗಿಸೋಣ ಅಂತಲೇ ಅನ್ನಿಸೋದು.

ಮೂರನೇ ನಿಮಿಷ ದಾಟಿದ ಮೇಲೆ ಅವರ ಮಾತು ಅರ್ಥವಾಯಿತು. ಸ್ನ್ಯಾಚ್‌ನಲ್ಲಿ ಮೊದಲು ಸೋಲೋದು ಕಾಲೂ ಅಲ್ಲ, ಭುಜವೂ ಅಲ್ಲ. ಹಿಡಿತ. ಬೆಲ್ ಕೆಳಗೆ ಬೀಸುವಾಗ ಬೆರಳುಗಳು ಬಿಗಿಯಾಗಿರಲೇಬೇಕು. ಹಾಗೆ ಬಿಗಿ ಹಿಡಿದಷ್ಟೂ ಹೊತ್ತು ಮುಂಗೈ ಸ್ನಾಯುಗಳಿಗೆ ರಕ್ತ ಸರಿಯಾಗಿ ಓಡಾಡುವುದಿಲ್ಲ, ಮುಂಗೈ ಊದಿಕೊಂಡು ಕಲ್ಲಾಗುತ್ತದೆ. ಬೆರಳು ಸಡಿಲ ಬಿಡಲು ಸಿಗುವ ಜಾಗ ಒಂದೇ, ಅದು ತಲೆಯ ಮೇಲೆ. ಮೊಣಕೈ ಲಾಕ್ ಆಗಿ, ಹಿಡಿಕೆ ಅಂಗೈಯಲ್ಲಿ ಓರೆಯಾಗಿ ಕೂತು, ಗುಂಡು ಮುಂಗೈಗೆ ಒರಗಿದಾಗ, ಅಷ್ಟೂ ಭಾರ ಮೂಳೆಗಳ ಮೇಲೆ ನೆಟ್ಟಗೆ ಇಳಿದು ಪಾದಕ್ಕೆ ಹೋಗುತ್ತದೆ. ಆಗ ಬೆರಳು ಪೂರ್ತಿ ಬಿಚ್ಚಿದರೂ ಬೆಲ್ ಎಲ್ಲಿಗೂ ಹೋಗುವುದಿಲ್ಲ. ನಾನು ಬಿಚ್ಚಿ ನೋಡಿದೆ. 16 ಕೆ.ಜಿ. ತಲೆ ಮೇಲೆ ಇರುವಾಗಲೇ ಕೈಗೆ ಜೀವ ವಾಪಸ್ ಬರುವುದು ತಮಾಷೆಯಾದ ಅನುಭವ. ಇಲ್ಲಿ ಎತ್ತೋದು ಕೆಲಸ ಅಲ್ಲ, ಇಳಿಸೋದೇ ಕೆಲಸ, ಹೊತ್ತು ನಿಲ್ಲೋದು ರಜೆ.

ಇಳಿಸೋದರಲ್ಲೂ ಒಂದು ಹದ ಇದೆ. ಭುಜ ಸ್ವಲ್ಪ ಹಿಂದಕ್ಕೆ ವಾಲಿಸಿ, ಬೆಲ್ ಮೈಗೆ ಹತ್ತಿರವೇ ಬೀಳಲು ಬಿಡಬೇಕು. ಅರ್ಧ ದಾರಿಯಲ್ಲಿ ಹಿಡಿಕೆ ಅಂಗೈಯಿಂದ ಜಾರಿ ಬೆರಳುಗಳ ಕೊಕ್ಕೆಗೆ ಬರಬೇಕು, ಹೆಬ್ಬೆರಳು ತೋರುಬೆರಳನ್ನು ಅದುಮಿ ಹಿಡಿಯಬೇಕು. ಭಯಕ್ಕೆ ಅಂಗೈಯಲ್ಲೇ ಗಟ್ಟಿ ಹಿಡಿದರೆ ಬೆರಳಿನ ಬುಡದ ಚರ್ಮ ಮಡಚಿಕೊಂಡು ಕಿತ್ತು ಬರುತ್ತದೆ. ಅದಕ್ಕೇ ಹಿಂದಿನ ರಾತ್ರಿ ಕೂತು ಅಂಗೈಯ ಜಡ್ಡನ್ನೆಲ್ಲ ಉಜ್ಜಿ ಸಮ ಮಾಡಿಕೊಂಡಿದ್ದೆ. ಜಡ್ಡು ಇದ್ದರೆ ಕೈ ಗಟ್ಟಿ ಅಂತ ಹೆಮ್ಮೆ ಪಡುವವರು ಇದ್ದಾರೆ. ಎದ್ದು ನಿಂತ ಜಡ್ಡೇ ಮೊದಲು ಹರಿಯೋದು.

ಐದನೇ ನಿಮಿಷಕ್ಕೆ ಕೈ ಬದಲಿಸಿದೆ. ಎಡಗೈ ನನ್ನದು ಬಡಪಾಯಿ, ಏನಾಗುತ್ತೋ ಅನ್ನೋ ಅಳುಕು ಇತ್ತು. ಆದರೆ ಎಡಗೈ ಬಲಗೈಗಿಂತ ಚೆನ್ನಾಗಿ ಮಾಡಿತು. ಅದಕ್ಕೆ ಕಾರಣ ಇದೆ ಅಂತ ಈಗ ಅನ್ನಿಸುತ್ತದೆ. ಬಲಗೈಗೆ ಶಕ್ತಿ ಇರೋದರಿಂದ ಸೊಂಟ ಸೋಮಾರಿಯಾದರೂ ಎಳೆದು ಮೇಲಕ್ಕೆ ಹಾಕಿಬಿಡುತ್ತದೆ. ಎಡಗೈಗೆ ಆ ಸೌಕರ್ಯ ಇಲ್ಲ. ಸೊಂಟ ಸರಿಯಾಗಿ ತಳ್ಳಿದರೆ ಮಾತ್ರ ಬೆಲ್ ಮೇಲೆ ಹೋಗೋದು. ಹಾಗಾಗಿ ಅದು ಶುರುವಿನಿಂದಲೂ ವಿಧಿಯಿಲ್ಲದೆ ಸರಿಯಾಗಿಯೇ ಕಲಿತಿದೆ.

ಎಂಟನೇ ನಿಮಿಷ ಮಾತ್ರ ಬೇಡಪ್ಪ. ಏದುಸಿರು, ಕಣ್ಣಿಗೆ ಬೆವರು, ಮೊಣಕೈವರೆಗೂ ಚಾಕ್ ಪುಡಿ. ಅದರ ಮೇಲೆ ಕೋಚ್ ಬೇರೆ "ಇದು ಲೆಕ್ಕಕ್ಕಿಲ್ಲ" ಅಂದರು. ಮೇಲೆ ಸರಿಯಾಗಿ ನಿಲ್ಲಿಸದೆ ಇಳಿಸಿದ್ದೆನಂತೆ. ಎತ್ತಿದ್ದು ಎತ್ತಿದ್ದೇ ಅಲ್ವಾ, ಅದನ್ನೂ ಕೊಡಲ್ಲ ಅಂದರೆ! ಆ ಸಿಟ್ಟಲ್ಲೇ ಮುಂದಿನ ಕೆಲವು ಚೆನ್ನಾಗಿ ಬಂದವು. ಕೊನೆಯ ಅರ್ಧ ನಿಮಿಷದಲ್ಲಿ ಬೆಲ್ ಮೇಲೆ ಇಟ್ಟುಕೊಂಡು ನಿಂತದ್ದೇ ಜಾಸ್ತಿ. ಗಡಿಯಾರ 10 ತೋರಿಸಿದಾಗ ಬೆಲ್ ಇನ್ನೂ ಕೈಯಲ್ಲೇ ಇತ್ತು, ನನಗೆ ಬೇಕಾದದ್ದು ಅಷ್ಟೇ.

ಮುಂದಿನವರಿಗೆ ನಾನು ಎಣಿಸಲು ಕೂತೆ. ಅವರು ನನಗಿಂತ ಚಿಕ್ಕ ವಯಸ್ಸಿನವರು, ನೀಲಿ ಬೆಲ್, ಅಂದರೆ 12 ಕೆ.ಜಿ. ಮೊದಲ ನಿಮಿಷದಿಂದಲೇ ಮೇಲೆ ನಿಲ್ಲಿಸಿ ಪೂರ್ತಿ ಎರಡು ಉಸಿರು ತೆಗೆದುಕೊಂಡೇ ಇಳಿಸುತ್ತಿದ್ದರು. ಇಷ್ಟು ನಿಧಾನಕ್ಕೆ ಹೋದರೆ ಎಷ್ಟಾದೀತು ಅಂದುಕೊಂಡೆ. ಎಂಟನೇ ನಿಮಿಷದಲ್ಲೂ ಅದೇ ಎರಡು ಉಸಿರು, ಅದೇ ವೇಗ. ಒಂದನ್ನೂ ನಾನು ಲೆಕ್ಕದಿಂದ ತೆಗೆಯಬೇಕಾಗಲಿಲ್ಲ. ಒಟ್ಟು ನನಗಿಂತ ಜಾಸ್ತಿಯೇ ಆಯಿತು.

"ಮುಂದಿನ ಸಲ ನಿಮ್ಮ ಹಳದಿ ಬೆಲ್ ನನಗೆ ಕೊಡಿ ಸರ್" ಅಂದರು.

"ಕೊಡ್ತೀನಿ, ಮೊದಲು ಈ ಬಾಟಲಿ ಮುಚ್ಚಳ ತೆಗೆದುಕೊಡಿ" ಅಂದೆ. ಅವರ ಕೈಯಲ್ಲೂ ಆಗಲಿಲ್ಲ. ಕೋಚ್ ತೆಗೆದುಕೊಟ್ಟರು.