ಊರಿನ ಹೆಸರು ಬೇಡ, ಎಷ್ಟು ಗಂಟೆ ಅಂತ ಕೇಳಿ

ಕೊಡಗಿನ ಸುಂಟಿಕೊಪ್ಪದ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ನಾನು ಮಾಡುವ ಕೆಲಸ ಏನು ಅಂತ ನೆಂಟರಿಗೆ ವಿವರಿಸುವುದು ಕಷ್ಟ. ಹಿಂದೆ ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದೆ. ಈಗ, ಉಸಿರಾಡುವುದಕ್ಕೂ ನುಂಗುವುದಕ್ಕೂ ತೊಂದರೆ ಇರುವ ಮಕ್ಕಳ ರಿಜಿಸ್ಟ್ರಿಗೆ, ಅಂದರೆ ಅವರ ಮಾಹಿತಿಯನ್ನೆಲ್ಲ ಒಂದೆಡೆ ಕೂಡಿಡುವ ದಾಖಲೆಗೆ, ಫಾರಂ ಮಾಡುತ್ತೇನೆ.

ಅನ್ನನಾಳ ಅರ್ಧಕ್ಕೇ ನಿಂತು, ಶ್ವಾಸನಾಳಕ್ಕೆ ಕೂಡಿಕೊಂಡು ಹುಟ್ಟುವ ಮಕ್ಕಳಿದ್ದಾರೆ. ಸುಮಾರು 3,000ದಿಂದ 4,500 ಹೆರಿಗೆಗೆ ಒಂದು. ಆಪರೇಷನ್ ಆದರೂ ಕಥೆ ಮುಗಿಯುವುದಿಲ್ಲ. ಹೊಲಿಗೆ ಹಾಕಿದ ಜಾಗ ಕಿರಿದಾಗುತ್ತದೆ, ಹಾಲು ವಾಪಸ್ ಬರುತ್ತದೆ, ಕೆಮ್ಮು ಬಿಡುವುದಿಲ್ಲ. ಗಂಟಲಿಗೊಬ್ಬರು, ಶ್ವಾಸಕೋಶಕ್ಕೊಬ್ಬರು, ಹೊಟ್ಟೆಗೊಬ್ಬರು ಡಾಕ್ಟರು. ಫೈಲೂ ಮೂರು ಕಡೆ. 2011ರ ಜನಗಣತಿ ಪ್ರಕಾರ ಕೊಡಗಿನ ಜನ ಐದೂವರೆ ಲಕ್ಷ. ಇಲ್ಲಿ ವರ್ಷಕ್ಕೆ ಇಂಥ ಮಗು ಒಂದೋ ಎರಡೋ ಹುಟ್ಟಬಹುದು, ಅಷ್ಟೇ. ಹಲವು ಆಸ್ಪತ್ರೆಗಳ ಮಾಹಿತಿ ಒಂದೆಡೆ ಸೇರದಿದ್ದರೆ ಯಾವ ಚಿಕಿತ್ಸೆ ಕೈಹಿಡಿಯಿತು ಅಂತ ಗೊತ್ತಾಗುವುದಾದರೂ ಹೇಗೆ?

ತೊಡಕು ಇರುವುದೂ ಅಲ್ಲೇ. ಹೆಸರು ಅಳಿಸಿದರೂ 'ನಾಪೋಕ್ಲು, ಐದು ವರ್ಷ, ಹೊಟ್ಟೆಗೆ ಟ್ಯೂಬ್' ಅಂತ ಉಳಿದರೆ ಸಾಕು, ಸಂತೆಯಲ್ಲಿ ನಿಂತವರು ಮನೆ ಹೆಸರು ಸಮೇತ ಹೇಳಿಬಿಡುತ್ತಾರೆ. ಕೊಡಗು ಅಲ್ವಾ! ಹಾಗಾಗಿ ಹೊರಗೆ ಹಂಚುವ ದಾಖಲೆಯಲ್ಲಿ ಊರು ಇರಬಾರದು ಅಂತ ನಾನು ಹಟ ಹಿಡಿದಿದ್ದೇನೆ.

ಆದರೆ ಊರು ಬಿಟ್ಟರೆ ದೂರ ತಿಳಿಯುವುದಿಲ್ಲ. ಉಸಿರಾಡಲು ಕತ್ತಿಗೆ ಹಾಕಿದ ಟ್ಯೂಬಿಗೆ ಕಫ ಕಟ್ಟಿಕೊಂಡ ಮಗುವಿಗೆ ದೂರವೇ ಎಲ್ಲ. ನಮ್ಮ ಜಿಲ್ಲೆಗೆ ರೈಲಿಲ್ಲ. ಮಡಿಕೇರಿಯಿಂದ ಮೈಸೂರಿಗೇ ಸುಮಾರು 120 ಕಿಲೋಮೀಟರ್. ಅದೂ ರಸ್ತೆ ಇದ್ದರೆ. 2018ರ ಆಗಸ್ಟ್‌ನಲ್ಲಿ ಮಂಗಳೂರು ಕಡೆಯ ಸಂಪಾಜೆ ರಸ್ತೆ ಕುಸಿದಾಗ ಕಿಲೋಮೀಟರ್ ಲೆಕ್ಕಕ್ಕೆ ಏನು ಅರ್ಥವಿತ್ತು? ಅದಕ್ಕೇ ಫಾರಂನಲ್ಲಿ ಹೀಗೆ ಕೇಳುತ್ತೇವೆ: ಈ ಟ್ಯೂಬ್ ಬದಲಿಸಲು ಗೊತ್ತಿರುವವರ ಹತ್ತಿರ ಮಗುವನ್ನು ಕರೆದೊಯ್ಯಲು ಬೇಸಿಗೆಯಲ್ಲಿ ಎಷ್ಟು ಗಂಟೆ, ಜುಲೈನಲ್ಲಿ ಎಷ್ಟು ಗಂಟೆ? ಬೇಕಾದ ವಿಷಯ ಸಿಕ್ಕಿತು, ಮನೆ ಎಲ್ಲಿ ಅಂತ ಯಾರಿಗೂ ತಿಳಿಯಲಿಲ್ಲ.

ಊಟದ ಪ್ರಶ್ನೆ ಇನ್ನೂ ಮಜಾ. ಹಳೆಯ ಫಾರಂನಲ್ಲಿ 'ದ್ರವ', 'ಗಟ್ಟಿ' ಅಂತ ಎರಡೇ ಆಯ್ಕೆ. ತೋಟದ ಲೈನ್‌ಮನೆಯ ಅಜ್ಜಿಯೊಬ್ಬರು ಫೋನಿನಲ್ಲಿ, "ಗಂಜಿ ಕೊಡ್ತೀವಿ ಮೇಡಂ, ಬೆಳಿಗ್ಗೆ ತೆಳ್ಳಗೆ, ಸಂಜೆ ಮಂದ" ಅಂದರು. ಯಾವುದಕ್ಕೆ ಟಿಕ್ ಹಾಕುವುದು? ಊಟ, ಪಾನೀಯ ಎಷ್ಟು ಮಂದ ಅಂತ ಹಂತ ಗೊತ್ತುಮಾಡುವ ಐಡಿಡಿಎಸ್‌ಐ ಎಂಬ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಸಿರಿಂಜ್ ಪರೀಕ್ಷೆ ಇದೆ. ಗೊತ್ತುಪಡಿಸಿದ ಅಳತೆಯ ಸಿರಿಂಜಿಗೆ 10 ಎಂಎಲ್ ತುಂಬಿ, 10 ಸೆಕೆಂಡ್ ಇಳಿಯಲು ಬಿಡಬೇಕು. ಒಂದರಿಂದ ನಾಲ್ಕು ಎಂಎಲ್ ಉಳಿದರೆ ಹಂತ 1, ನಾಲ್ಕರಿಂದ ಎಂಟು ಉಳಿದರೆ ಹಂತ 2. ಹೊಟ್ಟೆಗೆ ಟ್ಯೂಬ್ ಇರುವ ಮಗುವಿನ ಮನೆಯಲ್ಲಿ ಸಿರಿಂಜ್ ಹೊಸದಲ್ಲ, ಅಳತೆ ಸರಿ ಇರುವ ಒಂದನ್ನು ಕಳಿಸಿದರಾಯಿತು. ಅಜ್ಜಿ ಸೋಸಿದ ಗಂಜಿ ತುಂಬಿ, ಎಷ್ಟು ಉಳಿಯಿತು ಅಂತ ಹೇಳಿದರು. ಬೆಳಿಗ್ಗೆಯದು, ಸಂಜೆಯದು ಬೇರೆ ಬೇರೆ ಸಾಲಿನಲ್ಲಿ ಬರೆದುಕೊಂಡೆ.

ಖಾಲಿ ಬಿಟ್ಟ ಕಾಲಂ ಬಗ್ಗೆಯೂ ನನ್ನ ಜಗಳ ಇದ್ದೇ ಇದೆ. 'ನ್ಯುಮೋನಿಯಾ ಇಲ್ಲ' ಮತ್ತು 'ಕೇಳಲೇ ಇಲ್ಲ' ಒಂದೇ ಅಲ್ಲ. ಎರಡಕ್ಕೂ ಬೇರೆ ಗುರುತು ಬೇಕು, ಇಲ್ಲದಿದ್ದರೆ ಸುಮ್ನೆ ಎಲ್ಲ ಮಕ್ಕಳೂ ಆರೋಗ್ಯವಾಗಿ ಕಾಣುತ್ತಾರೆ.

ಇನ್ನೊಂದು. ಟ್ಯೂಬ್ ಹಾಕಿದ ತಾರೀಖಿಗೆ ಹಳೆಯ ಫಾರಂನಲ್ಲಿ ಜಾಗ ಇತ್ತು, ತೆಗೆದ ತಾರೀಖಿಗೆ ಇರಲಿಲ್ಲ. ಮನೆಯವರು ಮೊದಲು ಹೇಳುವುದೇ ಅದನ್ನು. ಈ ಸಲ ಆ ಕಾಲಂ ಮೇಲುಗಡೆಯೇ ಹಾಕಿಸಿದ್ದೇನೆ.