ಬಿಳಿ ಕಾಯಿ ಸಿಕ್ಕಿದ್ದ ಹುಡುಗ

ತುಮಕೂರು
14 ಡಿಸೆಂಬರ್ 2025, ಭಾನುವಾರ

ಪುಟ್ಟಿ ಇವತ್ತು ಚೆಸ್ ಪಂದ್ಯದಲ್ಲಿ ಕಪ್ಪು ಕಾಯಿಯಲ್ಲಿ ಗೆದ್ದಳು. ಅತ್ತೆಗಂತೂ ಸಂಭ್ರಮವೋ ಸಂಭ್ರಮ. ನನ್ನ ತಲೆಯಲ್ಲಿ ಮಾತ್ರ ಸೋತ ಹುಡುಗನೇ ಕೂತಿದ್ದಾನೆ.

ಕೊನೆಗೆ ಇಬ್ಬರಿಗೂ ಒಂದೊಂದು ಒಂಟೆ ಉಳಿದಿತ್ತು. ಪುಟ್ಟಿಗೆ ಒಂದು ಕಾಲಾಳು ಜಾಸ್ತಿ. ಹುಡುಗ ಅವಸರಪಟ್ಟು ಒಂಟೆಗೆ ಒಂಟೆ ಹೊಡೆಸಿಕೊಂಡುಬಿಟ್ಟ. ಅಲ್ಲಿಗೆ ಮುಗಿಯಿತು. ಇವಳ ರಾಜ ಮುಂದೆ, ಕಾಲಾಳು ಹಿಂದೆ. ಅವನು ಕೈ ಕುಲುಕಿ ಎದ್ದ.

ಹೊರಗೆ ಬರುತ್ತಿದ್ದ ಹಾಗೇ ಅವನ ಅಪ್ಪ ಶುರು ಮಾಡಿದರು. "ಬಿಳಿ ಸಿಕ್ಕಿದ್ರೂ ಸೋತ್ಯಲ್ಲೋ! ಅದೂ ಆ ಚಿಕ್ಕ ಹುಡುಗಿ ಹತ್ರ!" ಎಲ್ಲರ ಎದುರಿಗೇ. ಹುಡುಗ ತಲೆ ಎತ್ತಲಿಲ್ಲ. ನನಗೆ ತಡೆಯಲಾಗಲಿಲ್ಲ. "ಬನ್ನಿ ಸಾರ್, ಟೀ ಕುಡಿಯೋಣ" ಅಂತ ಕರೆದುಕೊಂಡು ಹೋದೆ.

ಬಿಳಿಗೆ ಮೊದಲ ನಡೆ, ಅದರಿಂದ ಸ್ವಲ್ಪ ಅನುಕೂಲ. ಅಷ್ಟೇ ಅಲ್ವಾ? ಅವರಿಗೆ ಗುಕೇಶ್ ಆಟದ ಕಥೆ ಹೇಳಿದೆ. ಹೋದ ವರ್ಷ ಡಿಸೆಂಬರ್ 12, ಸಿಂಗಾಪುರ. ವಿಶ್ವ ಚಾಂಪಿಯನ್‌ಷಿಪ್‌ನ 14ನೇ ಆಟ. ಇಬ್ಬರಿಗೂ ತಲಾ ಆರೂವರೆ ಅಂಕ. ಬಿಳಿ ಆಗಿನ ವಿಶ್ವ ಚಾಂಪಿಯನ್ ಡಿಂಗ್ ಲಿರೆನ್‌ಗೆ, ಕಪ್ಪು ನಮ್ಮ ಗುಕೇಶ್‌ಗೆ. ಡ್ರಾ ಕಡೆಗೆ ಹೋಗುತ್ತಿದ್ದ ಆಟ. 55ನೇ ನಡೆಯಲ್ಲಿ ಡಿಂಗ್ ತಪ್ಪಿ ಆನೆಯನ್ನು ಎಫ್2 ಮನೆಗೆ ತಂದರು. ಗುಕೇಶ್ ಆನೆಯನ್ನೂ ಬದಲಾಯಿಸಿದ, ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ಒಂಟೆಯನ್ನೂ ಬದಲಾಯಿಸಿದ. ಉಳಿದದ್ದು ಬರೀ ರಾಜರು, ಕಾಲಾಳುಗಳು. 58ನೇ ನಡೆಗೆಲ್ಲ ಮುಗಿದೇ ಹೋಯಿತು. ಗೆದ್ದ 18 ವರ್ಷದ ಹುಡುಗ ಅಳುತ್ತಲೇ ಕಾಯಿಗಳನ್ನು ಮತ್ತೆ ಜೋಡಿಸಿಟ್ಟ.

"ವಿಶ್ವ ಚಾಂಪಿಯನ್‌ಗೇ ಹಾಗಾಗುತ್ತೆ ಸಾರ್. ನಿಮ್ಮ ಮಗ ಇನ್ನೂ ಏಳನೇ ಕ್ಲಾಸು" ಅಂದೆ.

ಅವರು ಲೋಟ ಹಿಡಿದು ಸುಮ್ಮನೆ ನಿಂತರು. ಆಮೇಲೆ, "ಪಾವಗಡದಿಂದ ಕತ್ತಲಲ್ಲೇ ಹೊರಟು ಬಂದ್ವಿ. ಭಾನುವಾರದ ವ್ಯಾಪಾರ ಬಿಟ್ಟು ಅಂಗಡಿ ಮುಚ್ಚಿದೀನಿ" ಅಂದರು. ಅವರ ಮೇಲಿದ್ದ ಸಿಟ್ಟು ಇಳಿಯಿತು. ಆದರೂ ಮಗುವನ್ನು ಹಾಗೆ ನಾಲ್ಕು ಜನರ ಎದುರು ಕೂಗಾಡಬಾರದು.

ವಾಪಸ್ ಬಂದರೆ, ಜಗುಲಿಯಲ್ಲಿ ಇಬ್ಬರೂ ಬೋರ್ಡ್ ಹರಡಿಕೊಂಡು ಕೂತಿದ್ದಾರೆ! ಬೇಕು ಅಂತ ಕೇಳಿದ್ದು ಅವನೇ ಅಂತೆ. ಎಲ್ಲಿ ತಪ್ಪಿತು ನೋಡಬೇಕು ಅಂತ. ಎಷ್ಟು ಒಳ್ಳೇ ಹುಡುಗ.

ಬಿ.ಎಚ್. ರಸ್ತೆ ಪೂರ್ತಿ ಜಾಮ್. ಬೈಕ್ ಹಿಂದೆ ಕೂತು ಪುಟ್ಟಿದು ಒಂದೇ ವಾದ. ಒಂಟೆ ಬದಲಾಯಿಸಿದ ಮೇಲೂ ಡ್ರಾ ಇತ್ತು ಅಂತಾನಂತೆ ಅವನು. ಇವಳು ಇಲ್ಲ ಅಂತಾಳೆ. ಈಗ ನಾನೂ ಬೋರ್ಡ್ ಮುಂದೆ ಇಟ್ಟುಕೊಂಡು ನೋಡುತ್ತಿದ್ದೇನೆ. ಅವನದೇ ಸರಿ ಅನ್ನಿಸುತ್ತಿದೆ. ಬಿಳಿ ರಾಜ ಪಕ್ಕಕ್ಕೆ ಸರಿಯದೆ ನೇರ ಹಿಂದಕ್ಕೆ ಬಂದು, ಕಪ್ಪು ರಾಜ ಮುಂದೆ ಬಂದಾಗ ಒಂದೇ ಮನೆ ಅಂತರದಲ್ಲಿ ಅದಕ್ಕೆ ಎದುರಾಗಿ ನಿಂತಿದ್ದರೆ, ಆಗ ನಡೆ ಪುಟ್ಟಿಯದು, ಅಂದರೆ ಅವಳೇ ದಾರಿ ಬಿಡಬೇಕಾಗಿತ್ತು...